ಕಿವಿಯ ತಪ್ಪು

ಸಾವಿರ ಎಂಬ ಸಂಖ್ಯೆಯನ್ನು ನಾನು ಸುಲಭವಾಗಿ ನಂಬುವವನಲ್ಲ. ಅಚ್ಚುಕೂಟದಲ್ಲಿ ನಲವತ್ತೊಂದು ವರ್ಷ ಕರಡು ತಿದ್ದಿದವನು ನಾನು. ಲೇಖಕರು ಬರೆದು ತಂದ ಸಾವಿರಗಳು ಎಣಿಸಿ ನೋಡಿದಾಗ ಒಂಬೈನೂರ ಎಪ್ಪತ್ತೋ ಎಂಬತ್ತೋ ಆಗಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ಧ್ವನಿ ಪುಸ್ತಕಾಲಯದ ಕಾರ್ಯದರ್ಶಿ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, "ನಮ್ಮ ಓದುವ ಅಕ್ಕ ಸಾವಿರ ಪುಸ್ತಕ ಮುಗಿಸಿದ್ರು ಸಾರ್! ಇಪ್ಪತ್ತಾರು ವರ್ಷದಲ್ಲಿ ಸಾವಿರ!" ಎಂದಾಗ ನನ್ನ ಬಾಯಿಂದ ಬಂದ ಮೊದಲ ಮಾತು, "ಎಣಿಸಿದವರು ಯಾರು?" ಎಂಬುದೇ.

ಧ್ವನಿ ಪುಸ್ತಕಾಲಯವೆಂದರೆ ಕಣ್ಣಿಲ್ಲದವರ ಪುಸ್ತಕಾಲಯ. ಕಣ್ಣಿರುವ ಕೆಲವರು ತಮ್ಮ ಮನೆಯಲ್ಲಿ ಕುಳಿತು ಪುಸ್ತಕಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಕಳಿಸುತ್ತಾರೆ. ಕಣ್ಣಿಲ್ಲದವರು ಅದನ್ನು ಎರವಲು ಪಡೆದು ಪುಟ್ಟ ಪೆಟ್ಟಿಗೆಯಂಥ ಯಂತ್ರಕ್ಕೆ ಹಾಕಿ ಕೇಳುತ್ತಾರೆ. ಓದುವವರಿಗೆ ಸಂಬಳವಿಲ್ಲ. ಹೆಚ್ಚಿನವರು ಮೂರು ನಾಲ್ಕು ಪುಸ್ತಕ ಮುಗಿಸುವಷ್ಟರಲ್ಲಿ ಗಂಟಲು ಕೆಟ್ಟಿತೆಂದೋ ಮಗಳ ಬಾಣಂತನವೆಂದೋ ನಿಲ್ಲಿಸಿಬಿಡುತ್ತಾರೆ. ಈ ಹೆಂಗಸು ಮಾತ್ರ ನಿಲ್ಲಿಸಿರಲಿಲ್ಲ.

ಕಾರ್ಯದರ್ಶಿ ಚೀಲದಿಂದ ಒಂದು ನಮೂನೆಯನ್ನು ತೆಗೆದ. ದೊಡ್ಡ ಸಂಸ್ಥೆಯೊಂದು ಈ ವರ್ಷದ ಸೇವಾ ಪ್ರಶಸ್ತಿಗೆ ಆಕೆಯನ್ನು ಆರಿಸಿತ್ತು. ಆಕೆಯ ಓದನ್ನು ಹೊರಗಿನವನೊಬ್ಬ ಪರೀಕ್ಷಿಸಿ ಸಹಿ ಹಾಕಬೇಕು. ಎರಡು ಮಾತಿಗೆ ಸಹಿ. ಒಂದು, ಓದಿದ್ದು ಅಚ್ಚಾದ ಪುಟಕ್ಕೆ ಸರಿಹೊಂದುತ್ತದೆ. ಇನ್ನೊಂದು, ಓದಿದವರು ಆ ಪುಟವನ್ನು ಸ್ವತಃ ಕಣ್ಣಿಂದ ನೋಡಿ ಓದಿದ್ದಾರೆ.

"ಎರಡನೆಯದು ಯಾಕೆ ಬೇಕಾಯಿತು?" ಎಂದೆ.

"ಅದೊಂದು ಕಥೆ ಸಾರ್. ಹಿಂದೆ ಒಬ್ಬ ಮಹಾನುಭಾವ ಬೇರೆ ಪುಸ್ತಕಾಲಯದ ಧ್ವನಿಮುದ್ರಣ ತರಿಸಿಕೊಂಡು, ಅದನ್ನ ಕಿವಿಗೆ ಇಟ್ಟುಕೊಂಡು, ಗಿಳಿ ತರ ಒಪ್ಪಿಸಿ, ನೂರು ಪುಸ್ತಕ ಓದಿದೆ ಅಂತ ಹಾರ ಹಾಕಿಸಿಕೊಂಡು ಹೋದ. ಆಮೇಲೆ ಈ ನಿಯಮ ಬಂತು. ಅಂಥದ್ದು ಸಿಕ್ಕಿದ್ರೆ ಪುಸ್ತಕಗಳನ್ನ ಕಪಾಟಿನಿಂದ ತೆಗೀಲೇಬೇಕು. ಅಕ್ಕನ ವಿಷಯದಲ್ಲಿ ಅದೆಲ್ಲ ಬರೀ ಶಾಸ್ತ್ರಕ್ಕೆ. ಹತ್ತು ಪುಸ್ತಕ ಕೇಳಿ, ಸಹಿ ಹಾಕಿ. ನಿಮ್ಮ ತಮ್ಮನವರಿಗೂ ಅವರ ಓದು ಅಂದ್ರೆ ಪ್ರಾಣ ಆಗಿತ್ತಲ್ಲ."

ಪ್ರಾಣವಾಗಿತ್ತು, ನಿಜ. ನನ್ನ ತಮ್ಮನಿಗೆ ಏಳನೆಯ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು ಹೋಯಿತು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ನಾಲ್ಕು ತಿಂಗಳ ಹಿಂದೆ, ಪ್ರಾಣವೂ ಹೋಯಿತು. ಕೊನೆಯ ದಿನ ನಾನು ಅವನ ಪಕ್ಕದಲ್ಲಿ ಕುಳಿತು, ದಿನವೂ ಪಠಿಸುವ ಪ್ರಾರ್ಥನೆಯ ಪುಸ್ತಕವನ್ನು ತೆರೆದಿದ್ದೆ. ಎರಡು ಸಾಲು ಓದಿದ್ದೆನೋ ಇಲ್ಲವೋ, ಅವನು ಕೈಯೆತ್ತಿ, "ಬೇಡ ಅಣ್ಣಾ. ಅಕ್ಕನ ಧ್ವನಿ ಹಾಕು" ಎಂದ. ಹಾಕಿದೆ. ಅದನ್ನು ಕೇಳುತ್ತಲೇ ಹೋದ. ಅದು ಯಾವ ಪುಸ್ತಕವೆಂಬುದೂ ಈಗ ನನಗೆ ನೆನಪಿಲ್ಲ. ದೇವರ ಹೆಸರು ಕಿವಿಗೆ ಬೀಳಬೇಕಾದ ಹೊತ್ತಿನಲ್ಲಿ ಯಾವುದೋ ಕಥೆಯ ಗಂಡಹೆಂಡಿರ ಜಗಳ ಅವನ ಕಿವಿಗೆ ಬಿತ್ತು ಎಂಬುದಷ್ಟೇ ನೆನಪಿದೆ.

ಆ ಧ್ವನಿಯನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂದದ್ದು ದೇವರ ಇಚ್ಛೆಯೆಂದೇ ತಿಳಿದೆ. "ಸುಮ್ಮನೆ ಸಹಿ ಹಾಕುವವರ ಪೈಕಿ ನಾನಲ್ಲ" ಎಂದೆ. ಕಾರ್ಯದರ್ಶಿ ನಕ್ಕ. ನಾನು ನಗಲಿಲ್ಲ.

ಹತ್ತು ಪುಸ್ತಕಗಳನ್ನು ನಾನೇ ಆರಿಸಿದೆ, ಹಳೆಯವು ಐದು, ಹೊಸವು ಐದು. ತಮ್ಮನ ಮಂಚದ ಪಕ್ಕದಲ್ಲಿ ಮೇಜು ಹಾಕಿ, ಒಂದು ಕಡೆ ಅವನ ಯಂತ್ರ, ಇನ್ನೊಂದು ಕಡೆ ಅಚ್ಚಾದ ಪುಸ್ತಕ ಇಟ್ಟುಕೊಂಡು, ಕೈಯಲ್ಲಿ ಕೆಂಪು ಪೆನ್ನು ಹಿಡಿದು ಕುಳಿತೆ. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಕುಳಿತರೆ ಊಟಕ್ಕೇ ಏಳುತ್ತಿದ್ದೆ.

ಹಳೆಯ ಐದರಲ್ಲಿ ತಪ್ಪುಗಳಿದ್ದವು, ಆದರೆ ಅವು ಮರ್ಯಾದಸ್ಥ ತಪ್ಪುಗಳು. ಒಂದು ಕಡೆ 'ಗುರುಗಳ ಪಾದ' ಎನ್ನುವಲ್ಲಿ 'ಗುರುಗಳ ವಾದ' ಎಂದಿದ್ದಳು. ಪಕಾರ ವಕಾರಗಳು ಕಣ್ಣಿಗೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಇನ್ನೊಂದು ಕಡೆ ಒಂದು ಇಡೀ ಸಾಲನ್ನೇ ಬಿಟ್ಟಿದ್ದಳು. ಮೇಲಿನ ಸಾಲಿನ ಕೊನೆಯಲ್ಲೂ ಕೆಳಗಿನ ಸಾಲಿನ ಕೊನೆಯಲ್ಲೂ 'ಎಂದನು' ಇತ್ತು, ಕಣ್ಣು ಜಾರಿತ್ತು. ಇವು ಕಣ್ಣಿನ ತಪ್ಪುಗಳು. ಪುಟ ನೋಡಿ ಓದುವವರು ಮಾತ್ರ ಮಾಡಬಲ್ಲ ತಪ್ಪುಗಳು. ನಾನೇ ನನ್ನ ಕಾಲದಲ್ಲಿ ನೂರಾರು ಮಾಡಿದ್ದೇನೆ. ಅವನ್ನು ಗುರುತು ಮಾಡುತ್ತ ಮನಸ್ಸು ಸ್ವಲ್ಪ ಸಡಿಲವಾಯಿತು.

ಹೊಸ ಐದರಲ್ಲಿ ಮೊದಲನೆಯದು ಶುರುವಾದಾಗ ಬೆನ್ನು ನೆಟ್ಟಗಾಯಿತು.

ಪುಸ್ತಕದಲ್ಲಿ, 'ಮಕ್ಕಳು ಸಂಜೆಯವರೆಗೆ ಹಾಡಿದರು' ಎಂದಿತ್ತು. ಧ್ವನಿಯಲ್ಲಿ, 'ಮಕ್ಕಳು ಸಂಜೆಯವರೆಗೆ ಆಡಿದರು.' ನಾಲ್ಕು ಪುಟ ದಾಟಿದ ಮೇಲೆ, 'ಅವನು ಹೊಳೆಗೆ ಇಳಿದ' ಎಂಬುದು 'ಅವನು ಒಳಗೆ ಇಳಿದ' ಎಂದಾಗಿತ್ತು. ಮೂರನೆಯ ಪುಸ್ತಕದಲ್ಲಂತೂ ಕಥೆಯ ಕುತ್ತಿಗೆಯೇ ಹೊರಳಿತ್ತು. ಅಚ್ಚಿನಲ್ಲಿ, 'ತಾಯಿ ಮಗನನ್ನು ಹರಸಿ ಹೊರಟಳು.' ಆಕೆಯ ಬಾಯಲ್ಲಿ, 'ತಾಯಿ ಮಗನನ್ನು ಅರಸಿ ಹೊರಟಳು.' ಆಶೀರ್ವಾದ ಮಾಡಿ ಹೊರಟವಳು ಮಗನನ್ನು ಹುಡುಕಿಕೊಂಡು ಹೊರಟಂತಾಗಿತ್ತು.

ಇವು ಕಣ್ಣಿನ ತಪ್ಪುಗಳಲ್ಲ. ಹಕಾರವೂ ಅಕಾರವೂ ಕಣ್ಣಿಗೆ ಒಂದೇ ತರ ಕಾಣುವುದಿಲ್ಲ. ಅರೆಗುರುಡನಿಗೂ ಬೇರೆಯಾಗಿಯೇ ಕಾಣುತ್ತವೆ. ಅವು ಕಿವಿಗೆ ಮಾತ್ರ ಒಂದಾಗುತ್ತವೆ. ಅಚ್ಚುಕೂಟದಲ್ಲಿ ಒಬ್ಬ ಓದಿ ಹೇಳಿ ಇನ್ನೊಬ್ಬ ಅಕ್ಷರದ ಮೊಳೆ ಜೋಡಿಸುವಾಗ ಇಂಥವು ಬರುತ್ತಿದ್ದವು. ಈಕೆ ಪುಟವನ್ನು ನೋಡಿರಲಿಲ್ಲ. ಯಾರ ಬಾಯಿಂದಲೋ ಕೇಳಿ ಹೇಳಿದ್ದಳು.

ಇನ್ನೂ ಒಂದು ಸಂಗತಿಯಿತ್ತು. ಹೊಸ ಧ್ವನಿಮುದ್ರಣಗಳಲ್ಲಿ ಪ್ರತಿ ವಾಕ್ಯದ ಹಿಂದೆ ಮುಂದೆ ಕಟ್ ಎಂಬ ಸಣ್ಣ ಸದ್ದು. ಗುಂಡಿ ಒತ್ತಿ ನಿಲ್ಲಿಸಿ, ಮತ್ತೆ ಒತ್ತಿ ಶುರು ಮಾಡಿದ ಸದ್ದು. ಆ ನಿಲುಗಡೆಯಲ್ಲಿ ಏನು ನಡೆಯುತ್ತಿತ್ತು?

ಕಪಾಟಿನ ಪಟ್ಟಿ ತರಿಸಿ, ನಡುವಿನ ವರ್ಷಗಳ ಪುಸ್ತಕಗಳನ್ನೂ ಅಲ್ಲಲ್ಲಿ ಕೇಳಿ ನೋಡಿದೆ. ಕಣ್ಣಿನ ತಪ್ಪು ನಿಂತು ಕಿವಿಯ ತಪ್ಪು ಶುರುವಾದದ್ದು ಒಂಬತ್ತು ವರ್ಷದ ಹಿಂದೆ. ಅಲ್ಲಿಂದೀಚೆಗೆ ಮುನ್ನೂರ ಹನ್ನೆರಡು ಪುಸ್ತಕಗಳು. ನಾನು ಬಾಯಿ ಬಿಟ್ಟರೆ ಮುನ್ನೂರ ಹನ್ನೆರಡೂ ಕಪಾಟಿನಿಂದ ಇಳಿಯಬೇಕು. ಆಕೆಯ ಇಪ್ಪತ್ತಾರು ವರ್ಷದ ಹೆಸರು ಆ ಗಿಳಿ ಮಹಾನುಭಾವನ ಹೆಸರಿನ ಪಕ್ಕಕ್ಕೆ ಹೋಗಿ ಕೂರಬೇಕು. ಬಾಯಿ ಬಿಡದಿದ್ದರೆ ನಾನು ದೇವರೆದುರು ಸುಳ್ಳಿಗೆ ಸಹಿ ಹಾಕಿದವನಾಗಬೇಕು. ನನ್ನ ತಮ್ಮ ಕೊನೆಯ ಉಸಿರಿನಲ್ಲಿ ನನಗಿಂತ ಹೆಚ್ಚಾಗಿ ನಂಬಿದ ಧ್ವನಿ ಬೇರೆ ಯಾರದೋ ಓದಿನ ಕಳ್ಳಮಾಲು ಎಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದಾಗ ಆದ ಸಂಕಟದ ಅಡಿಯಲ್ಲಿ ಒಂದು ಚಿಟಿಕೆ ಸಮಾಧಾನವೂ ಇತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನವೇ ಆಕೆಯ ಮನೆಗೆ ಹೋದೆ. ಮನೆಯ ಮುಂಭಾಗ ಒಂದು ಅಂಗಡಿ. ಗಂಡ ಬೀಗ ರಿಪೇರಿ ಮಾಡುವವನು. ಗೋಡೆಯ ತುಂಬ ಕೀಲಿಗೊಂಚಲುಗಳು, ಹಲಗೆಯ ಮೇಲೆ ಬಿಚ್ಚಿಟ್ಟ ಒಂದು ಹಳೆಯ ಬೀಗ, ಅರ, ಎಣ್ಣೆಯ ಬಟ್ಟೆ. ಮನುಷ್ಯ ಇರಲಿಲ್ಲ. ಗಿರಾಕಿಗಳಿಗೆಂದು ಇಟ್ಟಿದ್ದ ಸ್ಟೂಲಿನ ಮೇಲೆ ಕುಳಿತೆ. ಒಳಗಿನ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದೆ ಮೊದಲು ಏನೋ ಗೊಣಗಾಟ, ಡಬ್ಬಿಯೊಳಗೆ ಸಿಕ್ಕಿಬಿದ್ದ ದುಂಬಿಯ ಹಾಗೆ. ಅದು ನಿಂತ ಮೇಲೆ ಆ ಧ್ವನಿ, ತಮ್ಮನ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೇಳಿದ ಅದೇ ತಿಳಿಯಾದ ಧ್ವನಿ, ಒಂದೇ ಒಂದು ವಾಕ್ಯ. ಮತ್ತೆ ಗೊಣಗಾಟ. ನನ್ನ ಅನುಮಾನ ಖಾತ್ರಿಯಾಯಿತು. ಎಲ್ಲಿಂದಲೋ ತರಿಸಿದ ಧ್ವನಿಮುದ್ರಣವನ್ನು ಸಣ್ಣಗೆ ಹಾಕಿಕೊಂಡು ಒಪ್ಪಿಸುತ್ತಿದ್ದಾಳೆ!

ಹಲಗೆಯನ್ನು ಬೆರಳಿಂದ ಕುಟ್ಟಿದೆ. ಒಳಗೆ ಎರಡು ಸದ್ದೂ ಒಟ್ಟಿಗೆ ನಿಂತವು. ಸ್ವಲ್ಪ ಹೊತ್ತಿಗೆ ಬೀಗದವನು ಬೆವರೊರೆಸಿಕೊಳ್ಳುತ್ತ ಹೊರಬಂದ. ಬಂದವನು ಬಾಗಿಲು ಎಳೆದು, ಕೀಲಿ ತಿರುಗಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ತನ್ನದೇ ಮನೆಯ ಬಾಗಿಲಿಗೆ, ಹೆಂಡತಿ ಒಳಗಿರುವಾಗ!

ನನ್ನ ಮುಂದೆ ನಿಂತು, "ಏಳಿ ಸಾರ್" ಎಂದ.

ಎದ್ದು ನಿಂತೆ. ಅಷ್ಟು ಒರಟಾಗಿ ಎಬ್ಬಿಸುತ್ತಾನೆಂದು ನಿರೀಕ್ಷಿಸಿರಲಿಲ್ಲ.

"ಅಯ್ಯೋ, ಯಾಕೆ ಎದ್ರಿ? ಕೂತ್ಕೊಳ್ಳಿ ಸಾರ್, ಕೂತ್ಕೊಂಡು ಏಳಿ."

ಕೂತುಕೊಂಡು ಏಳುವುದು ಹೇಗೆಂದು ತಿಳಿಯದೆ ಅರ್ಧ ಬಗ್ಗಿ ನಿಂತೆ. ಆಮೇಲೆ ಹೊಳೆಯಿತು, ಹೇಳಿ ಎನ್ನುತ್ತಿದ್ದಾನೆ. ಕುಳಿತು ಬಂದ ಕಾರಣ ಹೇಳಿದೆ. ಪ್ರಶಸ್ತಿಯ ನಮೂನೆಗೆ ಸಹಿ ಹಾಕುವವನು ನಾನೆಂದ ಕೂಡಲೇ ಅವನ ಮುಖ ಬದಲಾಯಿತು.

"ಆಕೆ ಒಂದು ಪುಟ ಓದುವುದನ್ನು ನಾನು ಕಣ್ಣಾರೆ ನೋಡಬೇಕು."

"ಅದೊಂದು ಆಗಲ್ಲ ಸಾರ್. ಯಾರಾದ್ರೂ ನೋಡ್ತಾ ಇದ್ರೆ ಅವಳಿಗೆ ಓದೋಕೆ ಬರಲ್ಲ. ಓದ ವಾರ ಕಾರ್ಯದರ್ಶಿ ಬಂದಾಗ್ಲೂ ಅಷ್ಟೇ."

"ಸಾವಿರ ಪುಸ್ತಕ ಓದಿದವರಿಗೆ ನಾಚಿಕೆಯೇ?"

"ನಾಚಿಕೆ ಅಲ್ಲ..." ಅವನು ಹಲಗೆಯ ಮೇಲಿನ ಬೀಗವನ್ನು ಎತ್ತಿಕೊಂಡು, ನೋಡಿ, ಇಟ್ಟ. "ಸೋಮವಾರ ಬನ್ನಿ. ಕೇಳಿ ನೋಡ್ತೀನಿ."

"ಬಾಗಿಲಿಗೆ ಬೀಗ ಯಾಕೆ ಹಾಕಿದಿರಿ?"

"ಬೀಗದವನ ಮನೆ ಸಾರ್" ಎಂದು ನಗಲು ಪ್ರಯತ್ನಿಸಿದ.

ಅರ್ಧ ದಾರಿ ನಡೆದವನು ರಸ್ತೆಯ ಬದಿಯಲ್ಲಿ ನಿಂತುಬಿಟ್ಟೆ. ಏಳಿ. ಓದ ವಾರ. ಆಡಿದರು, ಅರಸಿ. ಆ ಗೊಣಗಾಟ ಯಂತ್ರದ್ದಲ್ಲ, ಈ ಮನುಷ್ಯನದು! ಗಂಡ ಓದಿ ಹೇಳುತ್ತಾನೆ, ಹೆಂಡತಿ ಸವಿಯಾಗಿ ಒಪ್ಪಿಸುತ್ತಾಳೆ. ಯಾಕೆ? ಇಪ್ಪತ್ತಾರು ವರ್ಷದ ಹೊಗಳಿಕೆಯಿಂದ ಮೈಭಾರವಾಗಿದೆ, ಪುಸ್ತಕ ಹಿಡಿಯುವುದೂ ಬೇಸರ. ದಿಂಬಿಗೊರಗಿ ಕಣ್ಣು ಮುಚ್ಚಿ ಹೇಳಿದರೂ ಸಾವಿರದ ಲೆಕ್ಕಕ್ಕೆ ಸೇರುತ್ತದೆ, ಪ್ರಶಸ್ತಿಯ ಫಲಕ ಮನೆಗೆ ಬರುತ್ತದೆ. ದಾರಿಯುದ್ದಕ್ಕೂ ಆ ಹೆಂಗಸಿಗೆ ದಿಂಬಿನ ಮೇಲೆ ದಿಂಬು ಒಟ್ಟುತ್ತ ಹೋದೆ.

ಸೋಮವಾರಕ್ಕೆ ಮೊದಲು ಸಾಕ್ಷಿ ಬೇಕಿತ್ತು. ತಮ್ಮನ ಗೆಳೆಯನೊಬ್ಬನಿದ್ದ, ಕುರ್ಚಿ ಹೆಣೆಯುವವನು. ಅವನಿಗೂ ಕಣ್ಣಿಲ್ಲ, ಹುಟ್ಟಿನಿಂದಲೇ. ಇಬ್ಬರೂ ಒಂದೇ ಪುಸ್ತಕವನ್ನು ಸರದಿಯಲ್ಲಿ ಕೇಳಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದರು. ಅವನ ಕೆಲಸದ ಜಾಗಕ್ಕೆ ಹೋದೆ. ಬಕೆಟ್ಟಿನಲ್ಲಿ ಬೆತ್ತದ ಎಳೆ ನೆನೆಹಾಕಿ, ಮೊಣಕಾಲ ಸಂದಿಯಲ್ಲಿ ಕುರ್ಚಿಯ ಚೌಕಟ್ಟು ಸಿಕ್ಕಿಸಿಕೊಂಡು ಕುಳಿತಿದ್ದ.

"ಬಂತು ಬಂತು, ಕರಡಿ ಬಂತು" ಎಂದ, ನಾನು ಬಾಯಿ ತೆರೆಯುವ ಮೊದಲೇ. ಕರಡು ತಿದ್ದುವವನಾದ್ದರಿಂದ ತಮ್ಮನ ಗೆಳೆಯರ ಗುಂಪಿನಲ್ಲಿ ನನಗೆ ಆ ಹೆಸರು. ಇಟ್ಟವನು ತಮ್ಮನೇ. "ಕೂತ್ಕೊಳ್ಳಿ ಅಣ್ಣ. ಆ ಕುರ್ಚಿ ಬೇಡ, ಅದಕ್ಕಿನ್ನೂ ತಳ ಹಾಕಿಲ್ಲ."

"ಓದುವ ಅಕ್ಕನ ವಿಷಯ ಒಂದು ಕೇಳಬೇಕಿತ್ತು. ಈಚಿನ ಪುಸ್ತಕಗಳಲ್ಲಿ ನಿನಗೇನಾದರೂ ಅನುಮಾನ ಬಂದಿದೆಯೆ?"

ಅವನ ಕೈ ನಿಂತಿತು. "ಏನು ಅನುಮಾನ?"

"ಆಕೆ ಪುಟ ನೋಡಿ ಓದುತ್ತಿಲ್ಲ. ಗಂಡ ಹೇಳಿಕೊಡುತ್ತಾನೆ."

"ಅಷ್ಟೇನಾ!" ಅವನು ಜೋರಾಗಿ ನಕ್ಕು ಮತ್ತೆ ಹೆಣೆಯತೊಡಗಿದ. "ಅದು ನಮಗೆಲ್ಲ ಗೊತ್ತಿರೋದೇ ಅಣ್ಣ. ಒಂಬತ್ತು ವರ್ಷದಿಂದ ಗೊತ್ತು. ಕಣ್ಣಿರೋರಿಗೆ ಈಗ ಕಂಡಿತಾ?"

"ಹೇಗೆ ಗೊತ್ತಾಯಿತು?" ಎಂದೆ.

"ಮೊದಲೆಲ್ಲ ಪುಟ ತಿರುಗಿಸೋ ಸದ್ದು ಅಕ್ಕನ ಬಾಯಿ ಕೆಳಗಿಂದ ಬರ್ತಿತ್ತು. ಒಂದು ದಿನ ನೋಡಿದ್ರೆ, ಎರಡು ಮೊಳ ಆಚೆಯಿಂದ ಬರ್ತಿದೆ. ಪಕ್ಕದಲ್ಲಿ ಇನ್ನೊಬ್ಬರ ಉಸಿರು, ಗಂಡಸಿನ ಉಸಿರು, ಮೂಗು ಕಟ್ಟಿದ್ದು. ಪುಸ್ತಕ ಬೇರೆಯವರ ಕೈಯಲ್ಲಿದೆ ಅಂದ್ರೆ ಏನರ್ಥ? ಅಕ್ಕನೂ ನಮ್ಮ ಜಾತಿಗೆ ಸೇರಿಬಿಟ್ರು ಅಂತ ಅರ್ಥ. ಇದನ್ನ ಮೊದಲು ಹಿಡಿದದ್ದು ಯಾರು ಗೊತ್ತಾ? ನಿಮ್ಮ ತಮ್ಮ."

"ಆಕೆಗೆ ಕಣ್ಣು ಹೋಗಿದೆಯೆ?"

"ಪೂರ್ತಿ. ಒಂದು ಕತೇಲಿ ತಾಯಿ ಮಗನನ್ನ ಹರಸಿದಳೋ ಅರಸಿದಳೋ ಅಂತ ನಾವು ಒಂದು ವಾರ ಕಿತ್ತಾಡಿದ್ವಿ. ಅವನು ಹರಸಿದಳು ಪಕ್ಷ, ನಾನು ಅರಸಿದಳು ಪಕ್ಷ. ನೀವೇನಾದ್ರೂ ಆ ಪುಸ್ತಕ ನೋಡಿದೀರಾ? ಯಾವುದು?"

"ಹರಸಿ."

"ಛೆ, ಗೆದ್ದುಬಿಟ್ಟ. ಹೋದ ಮೇಲೂ ಗೆಲ್ಲೋ ಚಾಳಿ ಬಿಡಲಿಲ್ಲ."

ನಾನು ನಗಲಾರದೆ, "ನನ್ನ ತಮ್ಮ ಇದನ್ನು ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಅವನು ಒಂದು ಎಳೆಯನ್ನು ತೂರಿಸಿ, ಎಳೆದು, ಬಿಗಿ ಮಾಡಿದ. "ಬೇಜಾರು ಮಾಡ್ಕೋಬೇಡಿ ಅಣ್ಣ. ಅಣ್ಣನಿಗೆ ಮಾತ್ರ ಹೇಳ್ಬೇಡಿ ಅಂತ ನಮ್ಮೆಲ್ಲರ ಹತ್ತಿರ ಮಾತು ತಗೊಂಡಿದ್ದ. ಅವನಿಗೆ ಗೊತ್ತಾದ್ರೆ ಕೆಂಪು ಪೆನ್ನು ತಗೊಂಡು ಹೊರಡ್ತಾನೆ, ಆಮೇಲೆ ಪುಸ್ತಕವೂ ಇರಲ್ಲ, ಅಕ್ಕನೂ ಇರಲ್ಲ ಅಂತಿದ್ದ."

ಮನೆಗೆ ಬಂದು ದೇವರ ಮುಂದೆ ಕುಳಿತೆ. ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅರವತ್ತು ವರ್ಷಕ್ಕೂ ಮಿಕ್ಕಿ ಅವನ ಕೈಹಿಡಿದು ರಸ್ತೆ ದಾಟಿಸಿದವನು ನಾನು. ಆ ಕೈ ನನ್ನಿಂದ ಒಂದು ವಿಷಯವನ್ನು ಒಂಬತ್ತು ವರ್ಷ ಬಿಗಿಯಾಗಿ ಮುಚ್ಚಿಟ್ಟುಕೊಂಡಿತ್ತು. ಅವನಿಗೆ ನಾನು ಓದಿ ಹೇಳಿದಾಗಲೆಲ್ಲ ನಡುವೆ ನಿಲ್ಲಿಸಿ, ಲೇಖಕ ಇಲ್ಲಿ ವಿಭಕ್ತಿ ತಪ್ಪಿದ್ದಾನೆ, ಇಲ್ಲಿ ಅಲ್ಪವಿರಾಮ ಬೇಕಿತ್ತು ಎನ್ನುತ್ತಿದ್ದೆ. ಅವನು, "ಹೌದಾ ಅಣ್ಣ" ಎನ್ನುತ್ತಿದ್ದ. ಅಷ್ಟೇ.

ಆದರೂ ಅನುಮಾನ ನನ್ನನ್ನು ಬಿಡಲಿಲ್ಲ. ಕುರುಡರು ಕಿವಿಯಲ್ಲಿ ಕೇಳಿದ್ದಷ್ಟೇ ಹೇಳುತ್ತಾರೆ, ನಾನು ನೋಡಬೇಕು ಎಂದುಕೊಂಡೆ. ಕಣ್ಣು ಹೋದದ್ದು ನಿಜವಾದರೂ ಕೆಲವು ಪುಟ ಹಾರಿಸಿರಬಹುದು, ಕಷ್ಟದ ಮಾತು ಬಿಟ್ಟಿರಬಹುದು. ಸೋಮವಾರ ಹೋಗುವಾಗ ನಮ್ಮ ಅಚ್ಚುಕೂಟದ ಅತಿ ಕಠಿಣವಾದ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದೆ. ತರ್ಕದ ಮೇಲಿನ ಪುಸ್ತಕ. ಸಾಲಿಗೆ ನಾಲ್ಕು ಒತ್ತಕ್ಷರ.

ಈ ಸಲ ಬಾಗಿಲು ತೆರೆದಿತ್ತು. ಕೋಣೆಯ ಗೋಡೆಗೆಲ್ಲ ಹಳೆಯ ಹಾಸಿಗೆ ಹೊಲಿದು ಕಟ್ಟಿದ್ದರು, ಹೊರಗಿನ ಸದ್ದು ಬರದಿರಲೆಂದು. ಒಂದು ಮೇಜು, ಮೈಕು, ಎರಡು ಮರದ ಕುರ್ಚಿ. ದಿಂಬು ಒಂದೂ ಇರಲಿಲ್ಲ. ಓದುವ ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದಳು. ಸುಮಾರು ಅರವತ್ತು ವಯಸ್ಸು. ನನ್ನ ಹೆಜ್ಜೆ ಕೇಳಿದ ಕಡೆಗೆ ಮುಖ ತಿರುಗಿಸಿದ ರೀತಿಯಲ್ಲೇ ನನಗೆ ಎಲ್ಲವೂ ತಿಳಿಯಿತು. ನನ್ನ ತಮ್ಮನೂ ಹಾಗೆಯೇ ತಿರುಗುತ್ತಿದ್ದ.

"ಬನ್ನಿ ಸಾರ್. ಕುರ್ಚಿಯವನು ಫೋನ್ ಮಾಡಿ ಎಲ್ಲ ಹೇಳಿದ. ಇನ್ನು ಬಚ್ಚಿಡೋದೇನಿದೆ? ಬೀಗ ಹಾಕಿಸಿದ್ದು ನಾನೇ. ಯಾರು ಬಂದ್ರೂ ಒಳಗೆ ನುಗ್ಗಿಬಿಡ್ತಾರೆ ಅಂತ ನನಗೆ ಹೆದರಿಕೆ."

"ನೋಡಬೇಕಿತ್ತು, ಅಷ್ಟೇ" ಎಂದು ಪುಸ್ತಕವನ್ನು ಬೀಗದವನ ಕೈಗಿತ್ತು, ನಡುವಿನ ಒಂದು ಪುಟ ತೆರೆದೆ.

ಅವನು ಕನ್ನಡಕ ಏರಿಸಿಕೊಂಡ. ಎಣ್ಣೆಗಪ್ಪು ಹಿಡಿದ ತೋರುಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟ. "ಪ್ರ... ತ್ಯ... ಪ್ರತ್ಯ..." ಅಲ್ಲಿ ಬೆರಳು ನಿಂತಿತು. ಅವನು ಹೆಂಡತಿಯ ಎಡಗೈಯನ್ನು ಎಳೆದುಕೊಂಡು, ಅಂಗೈ ಮೇಲೆ ಆ ಅಕ್ಷರವನ್ನು ಬೆರಳಿಂದ ನಿಧಾನವಾಗಿ ಬರೆದ, ಒತ್ತು ಸಮೇತ.

"ಕ್ಷ" ಎಂದಳು ಆಕೆ. "ಪ್ರತ್ಯಕ್ಷ. ಮುಂದೆ?"

ಒಂದು ವಾಕ್ಯ ಕೂಡುವುದಕ್ಕೆ ಆರೇಳು ನಿಮಿಷ ಹಿಡಿಯಿತು. ಅವನು ತಡವರಿಸುವುದು, ಆಕೆ ಪದವನ್ನು ಜೋಡಿಸಿ ತುಟಿಯೊಳಗೇ ಇಟ್ಟುಕೊಳ್ಳುವುದು, ಅವನು ಮತ್ತೆ ಮುಂದಕ್ಕೆ ಹೋಗುವುದು. ವಾಕ್ಯ ತುಂಬಿದ ಮೇಲೆ ಆಕೆಯ ಹೆಬ್ಬೆರಳು ಗುಂಡಿಯ ಮೇಲೆ ಹೋಯಿತು. ಆ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಕಟ್. ಇಡೀ ವಾಕ್ಯ ಎಲ್ಲೂ ಎಡವದೆ, ಈಗಷ್ಟೇ ಪುಟದಿಂದ ಎತ್ತಿಕೊಂಡಂತೆ ಹೊರಬಂತು. ಕಟ್. ಒಂದು ಪುಟ ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಕಳೆದಿತ್ತು. ನಾನು ಸಾಲು ಸಾಲಾಗಿ ನೋಡುತ್ತ ಬಂದಿದ್ದೆ. ಒಂದು ಪದವನ್ನೂ ಬಿಟ್ಟಿರಲಿಲ್ಲ. ತಪ್ಪಿದ್ದು ಒಂದೇ, 'ಹೇತು' ಎಂಬಲ್ಲಿ 'ಏತು'. ಅಂಥ ಮಾತೇ ಇಲ್ಲವೆಂದು ಆಕೆಗೂ ಅನುಮಾನ ಬಂದು, "ಏತ ನೀರೆತ್ತೋ ಏತಾನಾ?" ಎಂದು ಗಂಡನನ್ನು ಕೇಳಿದ್ದಳು. ಅವನು, "ಅಲ್ಲ, ಏತು, ಏತು" ಎಂದು ಸಿಟ್ಟಾಗಿದ್ದ.

"ಕತೆ ಪುಸ್ತಕ ಇಷ್ಟು ಕಷ್ಟ ಇರಲ್ಲ ಸಾರ್" ಎಂದ ಬೀಗದವನು ಹಣೆ ಒರೆಸಿಕೊಂಡು. "ದಿನಕ್ಕೆ ಐದಾರು ಗಂಟೆ ಕೂತ್ರೆ ಅತ್ತು ದಿನಕ್ಕೆ ಒಂದು ಮುಗಿಯುತ್ತೆ."

"ನೀವು ಎಲ್ಲಿಯವರೆಗೆ ಓದಿದ್ದೀರಿ?"

ಅವನು ಹೆಂಡತಿಯ ಕಡೆ ನೋಡಿದ. ಆಕೆಯೇ ಹೇಳಿದಳು: "ಇವರಿಗೆ ಅಂಕಿ ಮಾತ್ರ ಬರ್ತಿತ್ತು ಸಾರ್, ಕೀಲಿ ನಂಬರಿಗೆ. ಕಣ್ಣು ಇನ್ನೊಂದು ವರ್ಷ ಇರುತ್ತೆ ಅಂತ ಡಾಕ್ಟರು ಹೇಳಿದ ದಿನ ಮನೆಗೆ ಬಂದು ಸ್ಲೇಟು ಇಟ್ಕೊಂಡು ಕೂತ್ರು. ಐವತ್ತೆರಡು ವರ್ಷದ ಗಂಡಸು. ನನಗೆ ಕಾಣೋದು ನಿಲ್ಲೋಷ್ಟರಲ್ಲಿ ಇವರಿಗೆ ಒತ್ತಕ್ಷರ ಬಂತು. ಪೂರ್ತಿ ಬರಲಿಲ್ಲ, ಉಳಿದದ್ದು ಅಂಗೈ ಮೇಲೆ."

"ಒಡೆದು ಕಲಿಸಿದಳು ಸಾರ್" ಎಂದ ಅವನು. ಹೊಡೆದು ಎಂದು ನಾನು ಮನಸ್ಸಿನಲ್ಲೇ ತಿದ್ದಿಕೊಂಡೆ. ಆಮೇಲೆ, ತಿದ್ದಬೇಕಾಗಿತ್ತೆ ಎಂದೂ ಅನ್ನಿಸಿತು.

"ಪುಸ್ತಕಾಲಯದವರಿಗೆ ಮೊದಲೇ ಹೇಳಬಹುದಿತ್ತಲ್ಲ?"

"ಹೇಳಬಹುದಿತ್ತು. ಹೇಳಲಿಲ್ಲ. ಸುಳ್ಳು ನನ್ನದೇ." ಆಕೆಯ ಧ್ವನಿಯಲ್ಲಿ ದೈನ್ಯವಿರಲಿಲ್ಲ. "ಹೇಳಿದ್ರೆ ನನ್ನನ್ನ ಓದೋರ ಪಟ್ಟಿಯಿಂದ ತೆಗೆದು ಕೇಳೋರ ಪಟ್ಟಿಗೆ ಹಾಕ್ತಿದ್ರು. ಮನೆಗೆ ಒಂದು ಯಂತ್ರ ಕಳಿಸ್ತಿದ್ರು. ಸಮಾಧಾನ ಹೇಳೋಕೆ ನಾಲ್ಕು ಜನ ಬರ್ತಿದ್ರು. ಸಾರ್, ನಿಮ್ಮ ಸಹಿ ನಿಮ್ಮಿಷ್ಟ. ಪುಸ್ತಕಗಳನ್ನ ಮಾತ್ರ ತೆಗೆಸಬೇಡಿ. ಅವು ನನ್ನ ಒಬ್ಬಳ ದುಡಿಮೆ ಅಲ್ಲ."

"ಪ್ರಶಸ್ತಿ?"

ಬೀಗದವನು ಮುಂದಿನ ಗೋಡೆಯತ್ತ ಕೈ ತೋರಿಸಿದ. ಹಾಸಿಗೆಯ ಬಟ್ಟೆಯ ನಡುವೆ ಚೌಕಾಕಾರವಾಗಿ ಕತ್ತರಿಸಿ ಜಾಗ ಬಿಟ್ಟು, ಒಂದು ಹೊಸ ಮೊಳೆ ಹೊಡೆದಿದ್ದ. "ಅವಳು ಬೇಡ ಅಂದ್ಲು. ನಾನೇ ಒಡೆದೆ" ಎಂದ.

"ಬೇಡ ಅಂದಿದ್ದು ಬಾಯಿಮಾತಿಗೆ" ಎಂದಳು ಆಕೆ. "ಯಾರಿಗೆ ಬೇಡ ಸಾರ್? ನಾನೇನು ದೇವರಾ?"

ಮೂರು ದಿನ ಆ ನಮೂನೆ ನನ್ನ ಮೇಜಿನ ಮೇಲೆ ಬಿದ್ದಿತ್ತು. ಅವರಿಬ್ಬರಂಥವರನ್ನು ನನ್ನ ಬಾಳಿನಲ್ಲಿ ಕಂಡಿರಲಿಲ್ಲ. ಹಾಗೆಂದು ಕಣ್ಣಿಂದ ನೋಡಿ ಓದಿದ್ದಾರೆಂಬ ಮಾತಿನ ಕೆಳಗೆ ನನ್ನ ಹೆಸರು ಬರೆಯಲಾರೆ. ಕೈ ಏಳುವುದಿಲ್ಲ. ಓದಿಲ್ಲವೆಂದು ಬರೆದರೆ ಮುನ್ನೂರ ಹನ್ನೆರಡು ಪುಸ್ತಕ ಕಸದ ಡಬ್ಬಿಗೆ. ತಮ್ಮ ನನ್ನ ಬಗ್ಗೆ ಹೇಳಿದ್ದು ಅಕ್ಷರಶಃ ನಿಜವಾಗುತ್ತದೆ. ನಾಲ್ಕನೆಯ ದಿನ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ, ಎರಡೂ ಮಾತುಗಳ ಎದುರಿನ ಜಾಗದಲ್ಲಿ, 'ಪರಿಶೀಲನೆ ಮುಗಿದಿಲ್ಲ' ಎಂದು ಬರೆದು ಸಹಿ ಹಾಕಿದೆ. ಅದು ಸುಳ್ಳಲ್ಲ. ಪೂರ್ತಿ ಸತ್ಯವೂ ಅಲ್ಲವೆಂಬುದು ನನಗೆ ಗೊತ್ತು. ಆ ಲೆಕ್ಕವನ್ನು ನಾನು ದೇವರಿಗೆ ಒಪ್ಪಿಸಬೇಕು.

ಕಾರ್ಯದರ್ಶಿ ಓಡಿಬಂದ. "ಏನ್ಸಾರ್ ಇದು? ಗಡುವು ಶುಕ್ರವಾರ! ಹತ್ತು ಪುಸ್ತಕ ಕೇಳಿ ಅಂದ್ರೆ..."

"ಈಚಿನ ಮುನ್ನೂರ ಹನ್ನೆರಡನ್ನೂ ಪುಟ ಹಿಡಿದು ಕೇಳಬೇಕು. ಉಚ್ಚಾರದ ಕೆಲವು ತಪ್ಪುಗಳಿವೆ. ಅವನ್ನು ಆಕೆಯಿಂದಲೇ ಮತ್ತೆ ಓದಿಸಿ ಸೇರಿಸಬೇಕು. ಮುಗಿದ ದಿನ ಏನು ಕಂಡೆನೋ ಅದನ್ನೆಲ್ಲ ಬರೆದುಕೊಡುತ್ತೇನೆ. ಅಲ್ಲಿಯವರೆಗೆ ಪುಸ್ತಕಗಳು ಕಪಾಟಿನಲ್ಲೇ ಇರಲಿ. ಪರಿಶೀಲನೆ ನಡೆಯುವಾಗ ತೆಗೆಯಬೇಕೆಂಬ ನಿಯಮವಿಲ್ಲ, ಓದಿ ನೋಡಿದ್ದೇನೆ."

"ಎಷ್ಟು ದಿನ ಬೇಕು?"

"ಒಂದು ಪುಸ್ತಕಕ್ಕೆ ಎಂಟು ದಿನ."

ಅವನು ಮನಸ್ಸಿನಲ್ಲೇ ಗುಣಿಸಿ ನನ್ನ ತಲೆಗೂದಲನ್ನು ನೋಡಿದ. "ಏಳು ವರ್ಷ ಆಗುತ್ತೆ ಸಾರ್. ನಿಮಗೆ ಈಗಲೇ..."

"ಎಪ್ಪತ್ತನಾಲ್ಕು."

"ನಿಮಗೆ ಅವರ ಮೇಲೆ ಏನೋ ಹೊಟ್ಟೆಕಿಚ್ಚು" ಎಂದು ಎದ್ದುಹೋದ. ಊರಲ್ಲೆಲ್ಲ ಹಾಗೆಯೇ ಹೇಳಿದ. ಅವನ ಮಾತು ಪೂರ್ತಿ ಸುಳ್ಳೆಂದು ಹೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ. ಆ ವರ್ಷದ ಪ್ರಶಸ್ತಿ, ಎರಡು ಹಗಲು ಎರಡು ರಾತ್ರಿ ನಿಲ್ಲದೆ ಈಜಿದವನೊಬ್ಬನಿಗೆ ಹೋಯಿತು.

ಮುಂದಿನ ಸೋಮವಾರ ಮೊದಲ ಪುಸ್ತಕ ಹಿಡಿದು ಅವರ ಮನೆಗೆ ಹೋದೆ. ತಪ್ಪುಗಳ ಪಟ್ಟಿಯನ್ನು ಪುಟಸಂಖ್ಯೆಯೊಡನೆ ಬರೆದುಕೊಂಡಿದ್ದೆ. ಬೀಗದವನು ಸ್ಟೂಲು ಎಳೆದು ಹಾಕಿದ. ಗೋಡೆಯಲ್ಲಿದ್ದ ಮೊಳೆಗೆ ಯಾರದೋ ಕೀಲಿಗೊಂಚಲನ್ನು ನೇತುಹಾಕಿದ್ದ.

ಆಕೆಯ ಮುಖ ಬಿಗಿದುಕೊಂಡಿತ್ತು. "ಮುಗಿದ ದಿನ ಇವರ ಹೆಸರೂ ಬರೀತೀರಾ?" ಎಂದು ಕೇಳಿದಳು.

"ಮೊದಲು ಅವರದು, ಆಮೇಲೆ ನಿಮ್ಮದು. ಓದಿದ ಕ್ರಮ ಅದೇ."

"ಮುಗಿಯೋವರೆಗೆ ನೀವಿರಬೇಕಲ್ಲ."

"ಇರಬೇಕು."

ಆಕೆ ಕೈಚಾಚಿ ಮೈಕನ್ನು ಹುಡುಕಿ ಹತ್ತಿರಕ್ಕೆ ಎಳೆದುಕೊಂಡಳು.

"ಕೋಪ ಇನ್ನೂ ಹೋಗಿಲ್ಲ ಸಾರ್, ಹೇಳಿರ್ತೀನಿ. ಪುಟ ಎಷ್ಟು?"